ಸಭಾಪಾಲಕರು ಭಾರ ಇಳಿಸುವ ಕಾಲ

(ಪಾಠಕ್ಕಾಗಿ ಮುಂಚಿತವಾಗಿ ಓದತಕ್ಕ ವೇದಭಾಗಗಳು: ಅರಣ್ಯಕಾಂಡ ೮:೨೩–೨೬, ಅರಣ್ಯಕಾಂಡ ೨೭:೧೫–೨೩, ೧ ಸಮುವೇಲ ೧೨, ಅಪೊಸ್ತಲರ ಕೃತ್ಯಗಳು ೨೦:೧೭–೩೮, ೨ ತಿಮೊಥೆಯ ೪:೬–೨೨.)



ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನ ಸೀಮೆಯಲ್ಲಿ ಮುಂಗಾರು ಮಳೆ ಬಿದ್ದ ಮೇಲೆ ಹೊಲದ ಬದುವಿನ ಬಳಿ ನಿಂತು ನೋಡಿದವರು ಒಂದು ಸಂಗತಿಯನ್ನು ಕಂಡಿರಬಹುದು. ಮನೆಯ ಹಿರಿಯನಾದ ಮುದುಕನು ಈಗ ಕೂರಿಗೆ ಹಿಡಿಯುವದಿಲ್ಲ. ಎತ್ತುಗಳ ಹಿಂದೆ ನಡೆಯುವ ಶಕ್ತಿ ಅವನ ಕಾಲುಗಳಲ್ಲಿ ಉಳಿದಿಲ್ಲ. ಆದರೂ ಬಿತ್ತುವ ದಿವಸ ಮಗನು ಅವನನ್ನು ಬಿಟ್ಟು ಹೊಲಕ್ಕೆ ಹೋಗುವದಿಲ್ಲ. ಮುದುಕನು ಬಂದು, ಬಗ್ಗಿ, ಒಂದು ಹಿಡಿ ಮಣ್ಣನ್ನು ಎತ್ತಿ, ಅಂಗೈಯಲ್ಲಿ ಅದುಮಿ, ಪುಡಿಮಾಡಿ ನೋಡಿ, ಹದ ಬಂತು ಎಂದು ಹೇಳಿದರೆ ಬಿತ್ತಿಗೆ ಆರಂಭವಾಗುತ್ತದೆ. ಇನ್ನೂ ಒಂದು ದಿವಸ ತಡೆಯಿರಿ ಎಂದರೆ ಎತ್ತುಗಳು ಮನೆಗೆ ತಿರುಗುತ್ತವೆ. ಟ್ರ್ಯಾಕ್ಟರ್ ಬಂದಿರುವ ಈ ದಿವಸಗಳಲ್ಲಿಯೂ ಹದ ನೋಡುವ ಕೈ ಬೇಕಾಗಿಯೇ ಇದೆ. ಆ ಮುದುಕನು ಕೂರಿಗೆಯನ್ನು ಬಿಟ್ಟಿದ್ದಾನೆ, ಹೊಲವನ್ನು ಬಿಟ್ಟಿಲ್ಲ.

ಈ ಪಾಠದಲ್ಲಿ ನಾವು ವಿಚಾರಿಸತಕ್ಕ ವಿಷಯವು ಇದಕ್ಕೆ ಹೋಲುವಂಥಾದ್ದೇ. ನಮ್ಮ ಸಭೆಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ವಾಕ್ಯವನ್ನು ಸಾರಿ, ನಮ್ಮ ಮಕ್ಕಳಿಗೆ ಸ್ನಾನ ಕೊಟ್ಟು, ನಮ್ಮ ಸತ್ತವರನ್ನು ಮಣ್ಣಿಗೆ ಒಪ್ಪಿಸಿದ ಸಭಾಪಾಲಕರು ಒಂದು ದಿವಸ ಉದ್ಯೋಗದ ಭಾರವನ್ನು ಇಳಿಸಬೇಕಾಗುತ್ತದೆ. ಆ ದಿವಸವು ಕಳ್ಳನಂತೆ ಬರುವದಿಲ್ಲ. ಎಷ್ಟನೆಯ ವಯಸ್ಸಿನಲ್ಲಿ ಬರುವದೆಂದು ಎಲ್ಲರಿಗೂ ಗೊತ್ತುಂಟು. ಆದರೂ ಅನೇಕರು ಅದಕ್ಕೆ ಸಿದ್ಧರಾಗಿರುವದಿಲ್ಲ. ಅವರ ಸಭೆಗಳಂತೂ ಇನ್ನೂ ಕಡಿಮೆ ಸಿದ್ಧವಾಗಿರುತ್ತವೆ. ಉದ್ಯೋಗವನ್ನು ಬಿಡುವದು ಬೇರೆ, ಕರೆಯನ್ನು ಬಿಡುವದು ಬೇರೆ ಎಂಬದನ್ನೂ, ಉದ್ಯೋಗವನ್ನು ಒಳ್ಳೇದಾಗಿ ಬಿಡುವದಕ್ಕೆ ಪಾಲಕರೂ ಸಭೆಯೂ ಕೂಡಿ ಬಹಳ ಮುಂಚಿತವಾಗಿ ಸಿದ್ಧಮಾಡತಕ್ಕದ್ದೆಂಬದನ್ನೂ ಇಲ್ಲಿ ಕಲಿಯೋಣ.

೧. ಲೇವಿಯರಿಗೆ ದೇವರು ಇಟ್ಟ ಕಟ್ಟಳೆ

ದೇವರ ಸೇವಕನಿಗೆ ವಿಶ್ರಾಂತಿ ಯಾಕೆ, ಸಾಯುವ ವರೆಗೂ ಅವನು ದುಡಿಯಬೇಕಲ್ಲವೇ ಎಂದು ಹೇಳುವ ಭಕ್ತರು ನಮ್ಮಲ್ಲಿ ಉಂಟು. ಇದು ಭಕ್ತಿಯ ಮಾತಿನಂತೆ ಕೇಳುತ್ತದೆ. ಆದರೆ ಅರಣ್ಯಕಾಂಡದ ಎಂಟನೆಯ ಅಧ್ಯಾಯವನ್ನು ಓದಿರಿ. ಲೇವಿಯನು ಇಪ್ಪತ್ತೈದು ವರ್ಷದವನಾಗಿ ಗುಡಾರದ ಸೇವೆಗೆ ಸೇರಬೇಕೆಂದೂ, ಐವತ್ತು ವರ್ಷವಾದಾಗ ಆ ದುಡಿಮೆಯನ್ನು ನಿಲ್ಲಿಸಬೇಕೆಂದೂ ದೇವರು ತಾನೇ ಮೋಶೆಗೆ ಅಪ್ಪಣೆಕೊಟ್ಟನು. ಇದು ಮನುಷ್ಯರು ಮಾಡಿದ ಕಾನೂನಲ್ಲ.

ಆ ಕಟ್ಟಳೆಯಲ್ಲಿ ಎಷ್ಟು ದಯೆ ಉಂಟೆಂದು ನೋಡಿರಿ. ಏಳನೆಯ ಅಧ್ಯಾಯದ ಪ್ರಕಾರ ಗೇರ್ಷೋನ್ಯರಿಗೆ ಎರಡು ಬಂಡಿಗಳೂ ಮೆರಾರೀಯರಿಗೆ ನಾಲ್ಕು ಬಂಡಿಗಳೂ ಕೊಡಲ್ಪಟ್ಟವು. ಆದರೆ ಕೆಹಾತ್ಯರಿಗೆ ಒಂದು ಬಂಡಿಯೂ ಕೊಡಲ್ಪಡಲಿಲ್ಲ, ಯಾಕಂದರೆ ಪರಿಶುದ್ಧ ವಸ್ತುಗಳನ್ನು ಅವರು ಹೆಗಲ ಮೇಲೆ ಹೊರಬೇಕಾಗಿತ್ತು. ಅರಣ್ಯದ ಬಿಸಿಲಲ್ಲಿ ಹೆಗಲ ಮೇಲೆ ಹೊರುವವನ ಹೆಗಲು ಒಂದು ದಿವಸ ಸೋತುಹೋಗುತ್ತದೆಂಬದು ಅದನ್ನು ಉಂಟುಮಾಡಿದ ದೇವರಿಗೆ ತಿಳಿಯದೆ ಇಲ್ಲ. ಆದಕಾರಣ ಸೋತ ಹೆಗಲಿಗೆ ನಾಚಿಕೆಯಿಲ್ಲ. ಮುಪ್ಪಿನ ನಿಮಿತ್ತ ಭಾರವನ್ನು ಇಳಿಸುವವನು ನಂಬಿಕೆಯನ್ನು ಇಳಿಸಿದವನಲ್ಲ.

ಅಷ್ಟೇ ಅಲ್ಲ. ಇಪ್ಪತ್ತಾರನೆಯ ವಚನವು ಆ ಲೇವಿಯನನ್ನು ಗುಡಾರದ ಹೊರಗೆ ಕಳುಹಿಸಿಬಿಡುವದಿಲ್ಲ. ಅವನು ಹೊರುವ ಕೆಲಸವನ್ನು ಮಾಡದಿದ್ದರೂ ತನ್ನ ಸಹೋದರರ ಬಳಿಯಲ್ಲಿದ್ದು ಕಾವಲಿನ ಕೆಲಸದಲ್ಲಿ ಅವರಿಗೆ ಸಹಾಯಮಾಡಬೇಕು. ಹೆಗಲಿಗೆ ವಿಶ್ರಾಂತಿ, ಕಣ್ಣಿಗೆ ಕೆಲಸ. ಕೂರಿಗೆ ಬಿಟ್ಟು ಹದ ನೋಡುವ ನಮ್ಮ ಮುದುಕನಂತೆಯೇ ಅವನು ಇದ್ದಾನೆ.

೨. ನಮ್ಮ ದೇಶದ ಸಭೆಯ ಚರಿತ್ರೆಯಿಂದ ಮೂರು ಸಂಗತಿಗಳು

ಬಾಸೆಲ್ ಮಿಶನಿನ ಮೊದಲ ಸೇವಕರು ೧೮೩೪ರಲ್ಲಿ ನಮ್ಮ ಕರಾವಳಿಗೆ ಬಂದರು. ೧೮೩೭ರಲ್ಲಿ ಧಾರವಾಡದಲ್ಲಿಯೂ ೧೮೩೯ರಲ್ಲಿ ಹುಬ್ಬಳ್ಳಿಯಲ್ಲಿಯೂ ೧೮೪೧ರಲ್ಲಿ ಬೆಟಗೇರಿಯಲ್ಲಿಯೂ ಅವರ ಕೆಲಸ ಆರಂಭವಾಯಿತು. ನಮ್ಮ ಸೀಮೆಯ ಸಭೆಗಳಿಗೆ ಈ ಊರುಗಳ ಹೆಸರು ಅಜ್ಜನ ಮನೆಯ ಹೆಸರಿನಂತಿದೆ.

ಮೊದಲನೆಯ ಸಂಗತಿ ಹೆರ್ಮನ್ ಮೊಗ್ಲಿಂಗ್ ಅವರದು. ಅವರು ೧೮೩೬ರಲ್ಲಿ ಬಂದು, ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವೆಂಬ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿ, ೧೮೪೭ರಲ್ಲಿ ಉಪದೇಶಿಗಳನ್ನು ತಯಾರುಮಾಡುವ ಶಾಲೆಯನ್ನು ಮಂಗಳೂರಿನಲ್ಲಿ ಸ್ಥಾಪಿಸಿದರು. ೧೮೬೦ರಲ್ಲಿ ಅವರು ಸ್ವದೇಶಕ್ಕೆ ಹಿಂದಿರುಗಬೇಕಾಯಿತು. ಆದರೆ ಅಷ್ಟರೊಳಗೆ ಅವರ ಶಿಷ್ಯರಾದ ಹೆರ್ಮನ್ ಆನಂದರಾವ್ ಕೌಂಡಿನ್ಯರು ೧೮೪೪ರಲ್ಲಿ ಸ್ನಾನ ಹೊಂದಿ, ಬಾಸೆಲಿನಲ್ಲಿ ಕಲಿತು, ೧೮೫೧ರಲ್ಲಿ ಸೇವೆಗೆ ಅಭಿಷಿಕ್ತರಾಗಿದ್ದರು. ಗುರುಗಳು ಹೋದ ಮೇಲೆ ಮೂವತ್ತಕ್ಕೂ ಹೆಚ್ಚು ವರ್ಷ, ೧೮೯೩ರಲ್ಲಿ ಮೃತರಾಗುವ ತನಕ, ಕೌಂಡಿನ್ಯರು ಬದುಕಿದ್ದರು. ಹೋಗುವವರು ತಮ್ಮ ಹಿಂದೆ ನಿಲ್ಲತಕ್ಕವರನ್ನು ತಾವು ಬಲವುಳ್ಳವರಾಗಿರುವಾಗಲೇ ತಯಾರುಮಾಡಬೇಕೆಂಬದನ್ನು ಇದರಿಂದ ಕಲಿಯುತ್ತೇವೆ.

ಎರಡನೆಯದು ಫೆರ್ಡಿನಂಡ್ ಕಿಟ್ಟೆಲ್ ಅವರದು. ೧೮೫೩ರಲ್ಲಿ ಬಂದ ಅವರು ಸುಮಾರು ಅರುವತ್ತು ವರ್ಷ ಪ್ರಾಯದಲ್ಲಿ, ೧೮೯೨ರಲ್ಲಿ, ಈ ದೇಶವನ್ನು ಬಿಟ್ಟು ಟ್ಯೂಬಿಂಗೆನ್ ಊರಿಗೆ ಹೋದರು. ಅವರ ದೊಡ್ಡ ಕನ್ನಡ ನಿಘಂಟು ಪ್ರಕಟವಾದದ್ದು ೧೮೯೪ರಲ್ಲಿ. ಅವರ ಕನ್ನಡ ವ್ಯಾಕರಣವು ಪ್ರಕಟವಾದದ್ದು ಅವರು ತೀರಿಕೊಂಡ ೧೯೦೩ರಲ್ಲಿ. ಕನ್ನಡದ ಮಾತು ಕೇಳಿಸದ ಊರಿನಲ್ಲಿ ಕುಳಿತು, ಕನ್ನಡದ ಜನರಿಗಾಗಿ ಕೊನೆಯ ವರೆಗೂ ಆ ವೃದ್ಧರು ದುಡಿದರು. ಸ್ಥಳವನ್ನು ಬಿಟ್ಟರೂ ಕರೆಯನ್ನು ಬಿಡಲಿಲ್ಲ.

ಮೂರನೆಯದು ದುಃಖದ ಸಂಗತಿ. ೧೯೧೪ರಲ್ಲಿ ಮಹಾಯುದ್ಧ ಆರಂಭವಾದಾಗ ಜರ್ಮನ್ ಮಿಶನರಿಗಳು ಬಂಧನದಲ್ಲಿಡಲ್ಪಟ್ಟು, ಬಳಿಕ ದೇಶದಿಂದ ಕಳುಹಿಸಲ್ಪಟ್ಟರು. ಅವರಿಗೆ ಬೀಳ್ಕೊಡುಗೆಯ ಕೂಟವಿರಲಿಲ್ಲ. ತಮ್ಮ ಕೆಲಸವನ್ನು ಸಾವಕಾಶವಾಗಿ ಒಪ್ಪಿಸಿಕೊಡುವ ಸಮಯವೂ ಇರಲಿಲ್ಲ. ಆಗ ಹಳ್ಳಿಯ ಸಭೆಗಳು ಚದರಿಹೋಗದಂತೆ ಕಾಯುವ ಭಾರವು ಬಹುಮಟ್ಟಿಗೆ ಈ ದೇಶದ ಸಭಾಪಾಲಕರ ಮೇಲೆಯೂ ಉಪದೇಶಿಗಳ ಮೇಲೆಯೂ ಬಿತ್ತು. ಬಿಡುವ ದಿವಸವು ಗೊತ್ತಿರುವದು ಎಷ್ಟು ದೊಡ್ಡ ಕೃಪೆಯೆಂದು ಇದನ್ನು ನೆನಸಿ ತಿಳಿದುಕೊಳ್ಳಬಹುದು.

ಆ ಕಾಲಕ್ಕೂ ನಮ್ಮ ಕಾಲಕ್ಕೂ ಒಂದು ವ್ಯತ್ಯಾಸ ಉಂಟು. ಪರದೇಶದಿಂದ ಬಂದ ದೊರೆಗಳಿಗೆ ಹಿಂದಿರುಗಿ ಹೋಗುವದಕ್ಕೆ ಸ್ವದೇಶವಿತ್ತು. ೧೯೪೭ರ ಸೆಪ್ಟೆಂಬರ್ ೨೭ರಂದು ದಕ್ಷಿಣ ಭಾರತ ಸಭೆಯು ಒಂದಾಯಿತು. ೧೯೭೦ರಲ್ಲಿ ಧಾರವಾಡವನ್ನು ಕೇಂದ್ರವಾಗಿ ಉಳ್ಳ ಕರ್ನಾಟಕ ಉತ್ತರ ಸಭಾಪ್ರಾಂತವು ಏರ್ಪಟ್ಟಿತು. ಈಗ ನಮ್ಮ ಪಾಲಕರು ನಮ್ಮವರೇ, ನಮ್ಮಂಥಾ ಬಡ ಮನೆಗಳಲ್ಲಿ ಹುಟ್ಟಿದವರೇ. ಅವರು ಭಾರ ಇಳಿಸಿದ ಮೇಲೆ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಉತ್ತರ ಕೊಡತಕ್ಕವರು ಈಗ ಸಮುದ್ರದ ಆಚೆಯಲ್ಲಿ ಇಲ್ಲ. ಈ ಪಾಠವನ್ನು ಓದುತ್ತಿರುವವರಲ್ಲಿಯೇ ಇದ್ದಾರೆ.

೩. ಮನೆಯೂ ಹಣವೂ

ಸಭಾಪಾಲಕರ ಮನೆ ಸಭೆಯದು, ಪಾಲಕರದಲ್ಲ. ಅಂಗಳದ ಬೇವಿನ ಮರವನ್ನು ಅವರೇ ನೆಟ್ಟಿದ್ದರೂ, ಅವರ ಮಕ್ಕಳು ಅಲ್ಲಿಯೇ ಹುಟ್ಟಿದ್ದರೂ, ಕೊನೆಯ ದಿವಸ ಕೀಲಿಯನ್ನು ಕೊಟ್ಟು ಹೊರಡಬೇಕು. ನಾವು ಭೂಮಿಯ ಮೇಲೆ ಪ್ರವಾಸಿಗಳೆಂದು ಅನೇಕ ಶವಸಂಸ್ಕಾರಗಳಲ್ಲಿ ಬೋಧಿಸಿದವರು ಆ ದಿವಸ ತಮ್ಮ ಪ್ರಸಂಗವನ್ನು ತಾವೇ ಕೇಳಬೇಕಾಗುತ್ತದೆ. ಆದರೆ ಪ್ರವಾಸಿಯೂ ರಾತ್ರಿ ಇಳಿಯುವ ಸ್ಥಳವನ್ನು ಹಗಲಲ್ಲಿಯೇ ವಿಚಾರಿಸಿಕೊಳ್ಳುತ್ತಾನೆ. ನಮ್ಮ ಹಿರಿಯರು ಹಗೇವಿನಲ್ಲಿ ಜೋಳವನ್ನು ತುಂಬಿ ಇಟ್ಟದ್ದು ದೇವರ ಮೇಲೆ ನಂಬಿಕೆಯಿಲ್ಲದೆ ಅಲ್ಲ. ಸುಗ್ಗಿಯನ್ನು ಕೊಡುವ ದೇವರು ಬರಗಾಲಕ್ಕಾಗಿ ಇಡುವ ಬುದ್ಧಿಯನ್ನೂ ಯೋಸೇಫನ ಕಾಲದಿಂದ ಕೊಟ್ಟಿದ್ದಾನೆ.

ಎಳೆಯ ಸಭಾಪಾಲಕರು ಮೊದಲನೆಯ ಸಂಬಳದಿಂದಲೇ ಇದನ್ನು ಯೋಚಿಸತಕ್ಕದ್ದು. ತಿಂಗಳಿಗೆ ೫೦೦ ರೂಪಾಯಿಯನ್ನು ತೆಗೆದಿಟ್ಟರೆ ಮೂವತ್ತು ವರ್ಷಕ್ಕೆ ಬಡ್ಡಿಯ ಹೊರತು ಅಸಲೇ ೧,೮೦,೦೦೦ ರೂಪಾಯಿ ಆಗುತ್ತದೆ. ಅಂಚೆಕಚೇರಿಯ ಭವಿಷ್ಯ ನಿಧಿಯಲ್ಲಿ ವರ್ಷಕ್ಕೆ ೫೦೦ ರೂಪಾಯಿಯಷ್ಟು ಸ್ವಲ್ಪ ಹಣದಿಂದಲೂ ೧೫ ವರ್ಷದ ಖಾತೆಯನ್ನು ನಡಿಸಬಹುದು. ಆದಾಯ ತೆರಿಗೆಯನ್ನು ಕೊಡದವರು ೧೮ರಿಂದ ೪೦ ವರ್ಷದೊಳಗೆ ಅಟಲ್ ಪಿಂಚಣಿ ಯೋಜನೆಗೆ ಸೇರಿದರೆ, ಕಟ್ಟಿದ ಹಣಕ್ಕೆ ಸರಿಯಾಗಿ ೬೦ನೆಯ ವರ್ಷದಿಂದ ತಿಂಗಳಿಗೆ ೧,೦೦೦ದಿಂದ ೫,೦೦೦ ರೂಪಾಯಿಯ ವರೆಗೆ ದೊರೆಯುತ್ತದೆ. ಅವರು ತೀರಿಕೊಂಡರೆ ಅದೇ ಹಣ ಅವರ ಪತ್ನಿಗೆ ಸಲ್ಲುತ್ತದೆ. ನಲವತ್ತು ದಾಟಿದವರಿಗೆ ಆ ಬಾಗಿಲು ಮುಚ್ಚಿದೆ, ಆದದರಿಂದ ತಡಮಾಡಕೂಡದು. ವಿಶ್ರಾಂತಿಯ ಕಾಲದಲ್ಲಿ ಒಟ್ಟಾಗಿ ಕೈಗೆ ಬಂದ ಹಣವನ್ನು ನಂಟರ ವ್ಯಾಪಾರಕ್ಕೆ ಸಾಲ ಕೊಡುವದಕ್ಕಿಂತ ಅಂಚೆಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟು, ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ತಕ್ಕೊಳ್ಳುವದು ಜಾಣತನ.

ಪಾಲಕರ ಪತ್ನಿಯನ್ನು ಮರೆಯಬಾರದು. ಅನೇಕ ಮನೆಗಳಲ್ಲಿ ಅಮ್ಮನವರಿಗೆ ಖಾತೆ ಎಲ್ಲಿದೆ, ಕಾಗದ ಎಲ್ಲಿದೆ ಎಂಬದು ತಿಳಿದಿರುವದಿಲ್ಲ. ಎಲ್ಲಾ ಖಾತೆಗಳಲ್ಲಿ ಅವರ ಹೆಸರು ನಾಮನಿರ್ದೇಶನದಲ್ಲಿ ಇರಲಿ. ಮರಣಪತ್ರವನ್ನು ಬರೆಯುವದು ಅಪಶಕುನವೆಂದು ಹೆದರುವದು ನಮಗೆ ತಕ್ಕದ್ದಲ್ಲ. ಇಬ್ಬರು ಸಾಕ್ಷಿಗಳು ರುಜುಹಾಕಿದರೆ ಅದು ನಿಲ್ಲುತ್ತದೆ. ಆದರೆ ಆಸ್ತಿಯನ್ನು ಹೊಂದತಕ್ಕವರೇ ಸಾಕ್ಷಿಗಳಾಗಬಾರದು. ಮರಣಪತ್ರವಿಲ್ಲದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ, ೧೯೨೫ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ವಿಧವೆಗೆ ಮೂರರಲ್ಲಿ ಒಂದು ಪಾಲೂ ಮಕ್ಕಳಿಗೆ ಉಳಿದ ಎರಡು ಪಾಲೂ ಸಲ್ಲುತ್ತವೆ. ಗಂಡುಮಗನಿಗೂ ಹೆಣ್ಣುಮಗಳಿಗೂ ಅದರಲ್ಲಿ ಭೇದವಿಲ್ಲ. ಇದನ್ನು ಪಾಲಕರು ತಿಳಿದುಕೊಂಡು ಸಭೆಗೂ ತಿಳಿಸುವದು ಒಳ್ಳೇದು.

೪. ಲೆಕ್ಕ ಒಪ್ಪಿಸುವದು

ಸಮುವೇಲನು ವೃದ್ಧನಾಗಿ ನ್ಯಾಯಾಧಿಪತಿಯ ಕೆಲಸವನ್ನು ಅರಸನಿಗೆ ಒಪ್ಪಿಸುವಾಗ ಎಲ್ಲಾ ಇಸ್ರಾಯೇಲ್ಯರ ಮುಂದೆ ನಿಂತು, ತಾನು ಯಾರ ಎತ್ತನ್ನಾದರೂ ಕತ್ತೆಯನ್ನಾದರೂ ತಕ್ಕೊಂಡದ್ದುಂಟೋ, ಯಾರಿಂದಾದರೂ ಲಂಚ ತಿಂದದ್ದುಂಟೋ ಎಂದು ಕೇಳಿದನು. ಇಲ್ಲವೆಂದು ಜನರು ಸಾಕ್ಷಿಕೊಟ್ಟರು. ಪೌಲನು ಮಿಲೇತದಲ್ಲಿ ಎಫೆಸ ಸಭೆಯ ಹಿರಿಯರ ಮುಂದೆ ಬೆಳ್ಳಿ ಬಂಗಾರದ ಮಾತನ್ನು ಹಾಗೆಯೇ ಎತ್ತಿದನು. ದೊಡ್ಡ ಸೇವಕರು ಹೊರಡುವಾಗ ಹಾರವನ್ನು ಎದುರುನೋಡಲಿಲ್ಲ, ಲೆಕ್ಕವನ್ನು ಒಪ್ಪಿಸಿದರು.

ಹಳ್ಳಿಯ ಸಭೆಯಲ್ಲಿ ಒಪ್ಪಿಸತಕ್ಕವು ಇವು: ಸ್ನಾನದ ದಾಖಲೆ, ೧೮೭೨ರ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಬರೆದಿಟ್ಟ ಮದುವೆಯ ದಾಖಲೆ, ಸಮಾಧಿಯ ದಾಖಲೆ, ಕಾಣಿಕೆಯ ಲೆಕ್ಕ, ದೇವಾಲಯದ ಸಾಮಾನುಗಳ ಪಟ್ಟಿ, ದೇವಾಲಯ, ಮನೆ, ಸ್ಮಶಾನ ಇವುಗಳ ಉತಾರ ಮೊದಲಾದ ಕಾಗದಗಳು. ಒಬ್ಬ ಬಡ ವಿಧವೆಗೆ ಮದುವೆಯ ದಾಖಲೆ ಸಿಕ್ಕದಿದ್ದರೆ ಅವಳು ಎಷ್ಟು ಕಚೇರಿಗಳ ಮೆಟ್ಟಲು ಹತ್ತಬೇಕೆಂದು ನಿಮಗೆ ಗೊತ್ತುಂಟು. ಸ್ಮಶಾನದ ಗಡಿಕಲ್ಲು ಎಲ್ಲಿದೆಯೆಂಬದು ಹಳೆಯ ಪಾಲಕರ ನೆನಪಿನಲ್ಲಿ ಮಾತ್ರ ಇದ್ದರೆ, ಅವರು ಹೋದ ಮರುವರ್ಷ ನೆರೆಯ ಹೊಲದ ನೇಗಿಲು ಒಳಗೆ ಬರುತ್ತದೆ. ಆದದರಿಂದ ಕೊನೆಯ ವರ್ಷದಲ್ಲಿ ಪಾಲಕರು ಹಿರಿಯರನ್ನು ಕರಕೊಂಡು ಗಡಿಯ ಸುತ್ತಲೂ ನಡೆದು ತೋರಿಸಲಿ. ಕಾಗದಗಳನ್ನು ಎಣಿಸಿ, ಪಟ್ಟಿ ಬರೆದು, ಎರಡು ಪ್ರತಿಗಳಿಗೆ ಎಲ್ಲರೂ ರುಜುಹಾಕಲಿ.

ಇನ್ನೊಂದು ಲೆಕ್ಕವು ಕಾಗದದಲ್ಲಿ ಇರುವದಿಲ್ಲ. ಯಾವ ಮನೆಯಲ್ಲಿ ಕುಡುಕತನದ ದುಃಖ ಉಂಟು, ಯಾವ ಮುದುಕಿಗೆ ಕಣ್ಣು ಕಾಣುವದಿಲ್ಲ, ಯಾವ ಇಬ್ಬರು ಸಹೋದರರು ಬದುವಿನ ಜಗಳದಿಂದ ಕರ್ತನ ಭೋಜನಕ್ಕೆ ಬರುವದಿಲ್ಲ ಎಂಬವುಗಳನ್ನು ಹೊಸ ಪಾಲಕರ ಸಂಗಡ ಮನೆಮನೆಗೆ ನಡೆದು ಪರಿಚಯಪಡಿಸಬೇಕು. ಆದರೆ ಗುಪ್ತವಾಗಿ ಅರಿಕೆಮಾಡಿದ ಪಾಪಗಳನ್ನು ಒಪ್ಪಿಸುವ ಲೆಕ್ಕಕ್ಕೆ ಸೇರಿಸಕೂಡದು; ಅವು ಅವರ ಸಂಗಡ ಸಮಾಧಿಗೆ ಹೋಗಲಿ.

೫. ಜನರನ್ನು ಒಪ್ಪಿಸುವದು

ಎಲ್ಲಕ್ಕಿಂತ ಕಠಿಣವಾದದ್ದು ಇದೇ. ಈ ಸಾಲುಗಳನ್ನು ಬರೆಯುವವನು ಈ ವಿಷಯದಲ್ಲಿ ತಪ್ಪಿದವನಾದದರಿಂದ ತನ್ನ ಸಂಗತಿಯನ್ನು ಮುಚ್ಚುವದಿಲ್ಲ.

ನಾನು ಭಾರ ಇಳಿಸಿದಾಗ ಸೇವೆ ಮಾಡಿದ ಊರಿನಲ್ಲಿಯೇ, ದೇವಾಲಯಕ್ಕೆ ಸಮೀಪವಾಗಿ, ಒಂದು ಬಾಡಿಗೆಯ ಮನೆಯನ್ನು ಹಿಡಿದೆನು. ಪರಿಚಯದ ಜನರು, ಪರಿಚಯದ ಬಾವಿ, ಇನ್ನೆಲ್ಲಿಗೆ ಹೋಗಲಿ ಎಂದು ನೆನಸಿದೆನು. ಸಾಯಂಕಾಲ ಒಬ್ಬಿಬ್ಬರು ಬಂದು ಕಟ್ಟೆಯ ಮೇಲೆ ಕುಳಿತುಕೊಳ್ಳುವರು. “ಅಯ್ಯನವರ, ನಿಮ್ಮ ಕಾಲಕ್ಕ ಹಿಂಗ ಇರಲಿಲ್ಲರಿ” ಎಂದು ಒಬ್ಬನು ಆರಂಭಿಸುವನು. ಹೊಸ ಪಾಲಕರ ಪ್ರಸಂಗ ಉದ್ದ, ಪ್ರಾರ್ಥನೆ ಗಿಡ್ಡ, ಅವರು ಬಡವರ ಮನೆಗೆ ಬರುವದಿಲ್ಲ ಎಂದು ಇನ್ನೊಬ್ಬನು ಹೇಳುವನು. ನಾನು ಅವರನ್ನು ಖಂಡಿಸಲಿಲ್ಲ, ಹೌದೆಂದೂ ಹೇಳಲಿಲ್ಲ. ಸುಮ್ಮನೆ ಕೇಳಿದೆನು. ನಿಜ ಹೇಳುವದಾದರೆ, ಆ ಮಾತು ನನ್ನ ಕಿವಿಗೆ ಸಿಹಿಯಾಗಿತ್ತು. ಕೆಲವು ತಿಂಗಳಲ್ಲಿ ಸಭೆಯಲ್ಲಿ ಎರಡು ಪಕ್ಷಗಳಾದವು. ಒಂದಕ್ಕೆ ನನ್ನ ಹೆಸರು ಬಿತ್ತು. ಒಂದು ರಾತ್ರಿ ಆ ಎಳೆಯ ಪಾಲಕರು ನಮ್ಮ ಮನೆಗೆ ಬಂದು, “ನಾನು ಏನರ ತಪ್ಪು ಮಾಡೇನೇನ್ರಿ, ಹೇಳ್ರಿ, ತಿದ್ದಿಕೊಳ್ತೀನಿ” ಎಂದು ಕೇಳಿ ಅತ್ತರು. ಅವರು ಹೋದ ಮೇಲೆ ನನ್ನ ಪತ್ನಿಯು, “ನೀವು ಕೀಲಿ ಕೊಟ್ಟು ಬಂದ್ರಿ, ಮಂದೀನ್ನ ಕೊಟ್ಟು ಬರಲಿಲ್ಲ” ಎಂದಳು. ಆ ಮಾತಿನಷ್ಟು ನನ್ನನ್ನು ಚುಚ್ಚಿದ ಪ್ರಸಂಗವನ್ನು ನಾನು ಕೇಳಿದ್ದಿಲ್ಲ. ಮುಂದಿನ ಭಾನುವಾರ ಅವರ ಅಪ್ಪಣೆಯನ್ನು ಪಡೆದು ಸಭೆಯ ಮುಂದೆ ನಿಂತು ನನ್ನ ತಪ್ಪನ್ನು ಅರಿಕೆಮಾಡಿದೆನು. ಸುಗ್ಗಿ ಮುಗಿದ ಮೇಲೆ ಬೇರೆ ಊರಿಗೆ ಹೋದೆವು. ಒಡೆದ ಸಭೆಯು ಕೂಡುವದಕ್ಕೆ ಮಾತ್ರ ವರ್ಷಗಳೇ ಹಿಡಿದವು.

ಹೋರ್ ಬೆಟ್ಟದ ಮೇಲೆ ನಡೆದದ್ದನ್ನು ನೆನಸಿರಿ. ಆರೋನನ ಯಾಜಕ ವಸ್ತ್ರಗಳನ್ನು ಮೋಶೆಯು ತೆಗೆದು ಅವನ ಮಗನಾದ ಎಲಿಯಾಜರನಿಗೆ ತೊಡಿಸಿದನು. ಒಂದೇ ವಸ್ತ್ರವನ್ನು ಇಬ್ಬರು ತೊಡುವದಕ್ಕೆ ಆಗುವದಿಲ್ಲ. ಮೋಶೆಯಾದರೋ ತನ್ನ ತರುವಾಯ ಸಭೆಯು ಕುರುಬನಿಲ್ಲದ ಕುರಿಗಳಂತೆ ಆಗಬಾರದೆಂದು ತಾನೇ ದೇವರನ್ನು ಬೇಡಿ, ಎಲ್ಲರ ಕಣ್ಣ ಮುಂದೆ ಯೆಹೋಶುವನ ಮೇಲೆ ಕೈಗಳನ್ನಿಟ್ಟು, ತನ್ನ ಗೌರವದಲ್ಲಿ ಪಾಲನ್ನು ಅವನಿಗೆ ಕೊಟ್ಟನು. ಸ್ನಾನಿಕನಾದ ಯೋಹಾನನು ತನ್ನ ಶಿಷ್ಯರು ಬಂದು ದೂರಿದಾಗ, ತಾನು ಕಡಿಮೆಯಾಗುವದೇ ತನ್ನ ಸಂತೋಷವೆಂದು ಹೇಳಿದನು. ಕಟ್ಟೆಯ ಮೇಲೆ ದೂರು ಕೇಳುವಾಗ ನಾನು ಕೊಡಬೇಕಾಗಿದ್ದ ಉತ್ತರವು ಅದೇ.

ಆದದರಿಂದ ಸಾಧ್ಯವಾದರೆ ಪಾಲಕರು ಕಡೆಯ ಸೇವೆ ಮಾಡಿದ ಊರಿನಲ್ಲಿ ನೆಲೆಸದಿರಲಿ. ಬೇರೆ ದಾರಿಯಿಲ್ಲದೆ ಅಲ್ಲಿಯೇ ಇರಬೇಕಾದರೆ, ಮದುವೆಗೂ ಶವಸಂಸ್ಕಾರಕ್ಕೂ ಹೊಸ ಪಾಲಕರು ಕರೆದಾಗ ಮಾತ್ರ ಕೈಹಚ್ಚಲಿ; ದೂರು ತಂದವರನ್ನು ಅವರ ಬಳಿಗೇ ಕಳುಹಿಸಲಿ; ಎಲ್ಲರ ಮುಂದೆ ಅವರನ್ನು ಗೌರವಿಸಲಿ. ಸಭೆಯವರೇ, ನೀವೂ ಕೇಳಿರಿ. ಹಳೆಯ ಪಾಲಕರ ಮೇಲಿನ ಪ್ರೀತಿಯನ್ನು ಹೊಸಬರನ್ನು ಹೊಡೆಯುವ ಕೋಲನ್ನಾಗಿ ಮಾಡಿಕೊಳ್ಳಬೇಡಿರಿ.

೬. ಸಭೆಯು ಮಾಡತಕ್ಕದ್ದು

ಪೌಲನು ಸೆರೆಯಿಂದ ಬರೆದ ಕಡೆಯ ಪತ್ರಿಕೆಯಲ್ಲಿ, ನಂಬಿಕೆಯ ದೊಡ್ಡ ಮಾತುಗಳ ನಡುವೆ, ಮೂರು ಸಣ್ಣ ಬೇಡಿಕೆಗಳು ಉಂಟು. ತ್ರೋವದಲ್ಲಿ ಬಿಟ್ಟುಬಂದ ನಿಲುವಂಗಿಯನ್ನು ತರಬೇಕು, ಪುಸ್ತಕಗಳನ್ನು ತರಬೇಕು, ಚಳಿಗಾಲಕ್ಕೆ ಮೊದಲು ತಿಮೊಥೆಯನು ತಾನೇ ಬರಬೇಕು. ಜಗತ್ತಿನ ಅರ್ಧಕ್ಕೆ ಸುವಾರ್ತೆಯನ್ನು ಒಯ್ದ ಮುದುಕನಿಗೆ ಚಳಿಗೆ ಹೊದಿಕೆಯೂ ಓದುವದಕ್ಕೆ ಪುಸ್ತಕವೂ ಮಾತಾಡುವದಕ್ಕೆ ಒಬ್ಬ ಮನುಷ್ಯನೂ ಬೇಕಾಗಿದ್ದರು. ನಮ್ಮ ವೃದ್ಧ ಪಾಲಕರಿಗೆ ಇವು ಉಂಟೋ ಎಂದು ನಾವು ಯಾವಾಗಲಾದರೂ ವಿಚಾರಿಸಿದ್ದೇವೆಯೇ?

ಬೀಳ್ಕೊಡುವ ದಿವಸ ಒಂದು ಶಾಲು, ಒಂದು ಹಾರ, ಹಣ್ಣಿನ ಬುಟ್ಟಿ, ನಾಲ್ಕು ಭಾಷಣ: ಇವು ಒಳ್ಳೆಯವೇ. ಆದರೆ ಹಾರವು ಮರುದಿವಸ ಬಾಡುತ್ತದೆ. ವಾಕ್ಯವನ್ನು ಕಲಿತವನು ಕಲಿಸಿದವನಿಗೆ ಎಲ್ಲಾ ಒಳ್ಳೆಯವುಗಳಲ್ಲಿ ಪಾಲು ಕೊಡಬೇಕೆಂದು ಗಲಾತ್ಯರ ಪತ್ರಿಕೆಯ ಆರನೆಯ ಅಧ್ಯಾಯವು ಬೋಧಿಸುತ್ತದೆ. ಇದನ್ನು ಮಾಡುವದಕ್ಕೆ ನಾವು ಬಡವರೆಂದು ಹೇಳಬಾರದು. ಇಪ್ಪತ್ತು ಮನೆಗಳಿರುವ ಒಂದು ಚಿಕ್ಕ ಸಭೆಯು ಮನೆಗೆ ತಿಂಗಳಿಗೆ ೨೫ ರೂಪಾಯಿಯಂತೆ ಬೇರೆ ಖಾತೆಯಲ್ಲಿ ಇಟ್ಟರೆ ವರ್ಷಕ್ಕೆ ೬,೦೦೦ ರೂಪಾಯಿಯೂ, ಇಪ್ಪತ್ತು ವರ್ಷಕ್ಕೆ ಬಡ್ಡಿಯ ಹೊರತು ೧,೨೦,೦೦೦ ರೂಪಾಯಿಯೂ ಆಗುತ್ತದೆ. ಪ್ರತಿದಿನ ಅಡಿಗೆಗೆ ಮೊದಲು ಒಂದು ಹಿಡಿ ಜೋಳವನ್ನೋ ಅಕ್ಕಿಯನ್ನೋ ತೆಗೆದಿಡುವದನ್ನು ನಮ್ಮ ತಾಯಂದಿರು ಬಲ್ಲರು. ಸುಗ್ಗಿಯ ಹಬ್ಬದ ಕಾಣಿಕೆಯಲ್ಲಿ ಒಂದು ಪಾಲನ್ನು ಇದಕ್ಕೆಂದು ಗೊತ್ತುಮಾಡಬಹುದು. ಈ ಹಣವು ಯಾವ ಪಾಲಕರ ಹೆಸರಿನಲ್ಲಿಯೂ ಇರದೆ, ವೃದ್ಧ ಸೇವಕರ ಮತ್ತು ಅವರ ವಿಧವೆಯರ ಹೆಸರಿನಲ್ಲಿ ಇರಲಿ. ಅದರ ಲೆಕ್ಕವನ್ನು ವರ್ಷಕ್ಕೊಮ್ಮೆ ಸಭೆಯಲ್ಲಿ ಓದಲಿ.

ಸಭಾಪ್ರಾಂತದಿಂದ ಪಾಲಕರಿಗೆ ಬರತಕ್ಕ ಹಣದ ಕಾಗದಪತ್ರಗಳನ್ನು ಕೊನೆಯ ವರ್ಷದಲ್ಲಿಯೇ ಪೂರ್ತಿಮಾಡುವಂತೆ ಹಿರಿಯರು ನೆನಪುಮಾಡಲಿ. ಬಡತನದಲ್ಲಿರುವ ವೃದ್ಧ ಉಪದೇಶಿಗಳು ನಮ್ಮಲ್ಲಿ ಇದ್ದರೆ, ಅರುವತ್ತು ದಾಟಿದವರಿಗೆ ಸರ್ಕಾರವು ಕೊಡುವ ವೃದ್ಧಾಪ್ಯ ವೇತನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಬರೆಯುವದಕ್ಕೆ ಓದುಬಲ್ಲ ಯುವಕನೊಬ್ಬನು ಅವರ ಸಂಗಡ ಹೋಗಲಿ. ಸಭೆಯ ಆಳುಗಳಾಗಿ ಎಲ್ಲರ ಅರ್ಜಿಗಳನ್ನು ಬರೆದುಕೊಟ್ಟವರು ತಮ್ಮ ಅರ್ಜಿಯನ್ನು ತಾವೇ ಹಿಡುಕೊಂಡು ಸಾಲಿನಲ್ಲಿ ನಿಲ್ಲುವಂತೆ ಬಿಡುವದು ನಮಗೆ ಒಪ್ಪದು.

೭. ಆ ಮೇಲಿನ ಸೇವೆ

ಭಾರ ಇಳಿಸಿದ ಪಾಲಕರಿಗೆ ಕೆಲಸವಿಲ್ಲವೋ? ಬೇಕಾದಷ್ಟು ಉಂಟು. ಸಮುವೇಲನು ಅಧಿಕಾರವನ್ನು ಬಿಟ್ಟ ದಿವಸವೇ, ಜನರಿಗಾಗಿ ಬೇಡಿಕೊಳ್ಳುವದನ್ನು ಬಿಡುವದು ತನಗೆ ಪಾಪವಾಗುವದೆಂದು ಹೇಳಿದನು. ಎಂಭತ್ತನಾಲ್ಕು ವರ್ಷದ ಅನ್ನಳು ದೇವಾಲಯವನ್ನು ಬಿಡದೆ ಕಾದಿದ್ದು ಶಿಶುವಾದ ಕರ್ತನನ್ನು ಕಂಡಳು. ಕೀರ್ತನೆ ೭೧ರ ವೃದ್ಧನು ನರೆಗೂದಲು ಬಂದಾಗಲೂ ಮುಂದಣ ತಲೆಯವರಿಗೆ ದೇವರ ಬಲವನ್ನು ತಿಳಿಸುವ ತನಕ ತನ್ನನ್ನು ಕೈಬಿಡಬಾರದೆಂದು ಬೇಡುತ್ತಾನೆ.

ಸಭೆಯ ಹೆಸರುಪಟ್ಟಿಯನ್ನು ಎದುರಿಗಿಟ್ಟುಕೊಂಡು ದಿನಕ್ಕೆ ಮೂರು ಮನೆಗಳಿಗಾಗಿ ಪ್ರಾರ್ಥಿಸುವದಕ್ಕೆ ಕಾಲಿನ ಬಲ ಬೇಕಾಗಿಲ್ಲ. ಎಳೆಯ ಪಾಲಕರು ಬಂದು ಕೇಳಿದರೆ ಬುದ್ಧಿ ಹೇಳುವದು, ಕೇಳದಿದ್ದರೆ ಸುಮ್ಮನಿರುವದು. ರೋಗಿಗಳ ಬಳಿಯಲ್ಲಿ ಕುಳಿತಿರುವದು. ಮಕ್ಕಳಿಗೆ ವೇದದ ಕಥೆಗಳನ್ನು ಹೇಳುವದು. ತಮ್ಮ ಕಾಲದಲ್ಲಿ ಸಭೆಯು ಹೇಗೆ ಹುಟ್ಟಿ ಬೆಳೆಯಿತೆಂದು ಒಂದು ಪುಸ್ತಕದಲ್ಲಿ ಬರೆದಿಡುವದು: ಇವೆಲ್ಲಾ ಕಾವಲಿನ ಕೆಲಸಗಳು. ಆದರೆ ಇವುಗಳ ಅಭ್ಯಾಸವು ವಿಶ್ರಾಂತಿಯ ಮರುದಿವಸ ತಾನಾಗಿ ಬರುವದಿಲ್ಲ. ಪ್ರಸಂಗಕ್ಕಾಗಿ ಮಾತ್ರ ವೇದವನ್ನು ಓದಿದವನು, ಪ್ರಸಂಗವಿಲ್ಲದ ದಿವಸ ವೇದವನ್ನು ಮುಚ್ಚಿಬಿಡುವನು. ತನ್ನ ಆತ್ಮಕ್ಕಾಗಿಯೂ ಓದುತ್ತಾ ಬಂದವನಿಗೆ ಮುಪ್ಪಿನ ಹಗಲು ಉದ್ದವಾಗಿ ತೋರುವದಿಲ್ಲ. ಎಲ್ಲಾ ಸಿದ್ಧತೆಗಳಲ್ಲಿ ಇದೇ ಮೊದಲನೆಯದು, ಇದೇ ಕಡೆಯದು.

ಪ್ರಿಯರೇ, ಹೊಲದ ಯಜಮಾನನು ಒಬ್ಬನೇ. ಇಂದು ಕೂರಿಗೆ ಹಿಡಿದವನೂ ನಿನ್ನೆ ಹಿಡಿದವನೂ ಆತನ ಆಳುಗಳೇ. ಕೂರಿಗೆಯು ಕೈಯಿಂದ ಕೈಗೆ ಹೋಗುವಾಗ ಸಾಲು ಸೊಟ್ಟಾಗದಂತೆ ನೋಡಿಕೊಳ್ಳುವದು ಬಿಡುವವನ ಕೆಲಸವೂ ಹೌದು, ಹಿಡಿಯುವವನ ಕೆಲಸವೂ ಹೌದು, ಬದುವಿನಲ್ಲಿ ನಿಂತು ನೋಡುವ ನಮ್ಮೆಲ್ಲರ ಕೆಲಸವೂ ಹೌದು. ಸುಗ್ಗಿಯ ದಿವಸ ಯಜಮಾನನು ಬಂದು ಕೂಲಿಯನ್ನು ಕೊಡುವಾಗ ಬೆಳಿಗ್ಗೆ ಬಂದವನನ್ನೂ ಸಾಯಂಕಾಲ ಬಂದವನನ್ನೂ ಮರೆಯುವದಿಲ್ಲ. ಆ ಕರ್ತನ ಕೃಪೆಯು ನಮ್ಮ ವೃದ್ಧ ಸೇವಕರೆಲ್ಲರ ಮೇಲೆಯೂ ಅವರ ಮನೆಯವರ ಮೇಲೆಯೂ ಇರಲಿ. ಆಮೆನ್.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ಐವತ್ತು ವರ್ಷ ದಾಟಿದ ಲೇವಿಯನು ಯಾವ ಕೆಲಸವನ್ನು ಬಿಡಬೇಕಾಗಿತ್ತು, ಯಾವದನ್ನು ಬಿಡಕೂಡದಾಗಿತ್ತು?

೨. ಸಮುವೇಲನು ಅಧಿಕಾರವನ್ನು ಬಿಡುವಾಗ ಮಾಡಿದ ಎರಡು ಕಾರ್ಯಗಳು ಯಾವವು? ನಮ್ಮ ಸಭೆಯ ದಾಖಲೆಗಳೂ ಭೂಮಿಯ ಕಾಗದಗಳೂ ಈಗ ಎಲ್ಲಿವೆ? ಅವುಗಳನ್ನು ಬಲ್ಲ ಹಿರಿಯರು ಎಷ್ಟು ಮಂದಿ?

೩. ಹಳೆಯ ಪಾಲಕರನ್ನು ಹೊಗಳಿ ಹೊಸ ಪಾಲಕರ ಮನಸ್ಸನ್ನು ನಾವು ಎಂದಾದರೂ ನೋಯಿಸಿದ್ದುಂಟೋ? ಅದನ್ನು ಸರಿಪಡಿಸುವದು ಹೇಗೆ?

೪. ನಮ್ಮ ಸಭೆಯಲ್ಲಿ ಸೇವೆ ಮಾಡಿ ಹೋದ ಪಾಲಕರು ಅಥವಾ ಅವರ ವಿಧವೆಯರು ಈಗ ಎಲ್ಲಿದ್ದಾರೆ? ಅವರನ್ನು ಕಡೆಯದಾಗಿ ಯಾರು, ಯಾವಾಗ ಕಂಡರು?

೫. ಬರುವ ಸುಗ್ಗಿಯ ಹಬ್ಬದಿಂದ ವೃದ್ಧ ಸೇವಕರಿಗಾಗಿ ನಮ್ಮ ಸಭೆಯು ಏನನ್ನು ತೆಗೆದಿಡಬಹುದು? ಕೂಟವು ಮುಗಿಯುವದಕ್ಕೆ ಮೊದಲು ಗೊತ್ತುಮಾಡಿ ಬರೆದುಕೊಳ್ಳಿರಿ.